ಯತೀಶನ ಮೈಕು

ಯತೀಶನನ್ನು ಮೊಬೈಲ್ ಗೇಮಿನ ಗಿಲ್ಡಿನಿಂದ, ಅಂದರೆ ತಂಡದಿಂದ, ತೆಗೆಯುವ ಬಟನ್ ಮೇಲೆ ಗಂಗಾಧರನ ಹೆಬ್ಬೆರಳು ನಿಂತಿತ್ತು. ಗುಬ್ಬಿ ಬಸ್‌ಸ್ಟ್ಯಾಂಡ್ ಪಕ್ಕದ ಬೇಕರಿಯಲ್ಲಿ ಕೂತು, ಆಟದಲ್ಲಿದ್ದ ನಲವತ್ತು ಜನಕ್ಕೂ ಮೈಕಿನಲ್ಲಿ ಕೇಳುವಂತೆ ಅವನು ಆ ಕುಣಿಗಲ್ ಹುಡುಗನಿಗೆ ಉಗಿಯುತ್ತಿದ್ದ. ‘ಕಲ್ಪತರು ಕಿಲ್ಲರ್ಸ್’ ಗಿಲ್ಡ್ ಕಟ್ಟಿದವನು ಅವನೇ, ಲೀಡರೂ ಅವನೇ.

“ನಿನ್ನಿಂದ ಮೂರು ಮ್ಯಾಚ್ ಸೋತ್ವಿ ಕಣ್ಲಾ. ದನ ಕಾಯಕ್ಕೋಗು. ಎಲ್ರ ಮುಂದೆ ಸಾರಿ ಕೇಳ್ತೀಯೋ, ತೆಗ್ದು ಬಿಸಾಕ್ಲೋ?”

ಉಳಿದವರು ಕಿಸಕ್ಕೆಂದರು. ಯತೀಶನ ಮೈಕಿನಲ್ಲಿ ಕುಕ್ಕರ್ ಕೂಗಿತು, ಆಮೇಲೆ ಒಂದು ಹೆಂಗಸಿನ ದನಿ. “ಕಾಫಿ ಕುಡಿಯಪ್ಪ, ಆರೋಗ್ತದೆ. ನಮ್ ಗಂಗ ಗುಬ್ಬಿಗೋಗವ್ನೆ, ಇನ್ನೇನ್ ಬಂದ್ಬುಡ್ತಾನೆ. ಬ್ಯಾಗಲ್ಲೇನಪ್ಪ, ಅಷ್ಟುದ್ದ ಐತೆ?”

ಗಂಗಾಧರ ಹೆಬ್ಬೆರಳನ್ನು ಬಟನ್‌ನಿಂದ ಸರಕ್ಕನೆ ಎತ್ತಿದ. ಅದು ಅವನ ತಾಯಿಯ ದನಿ. ಗಿಲ್ಡಿನ ಟೀ ಶರ್ಟನ್ನು ಮನೆಗೇ ಬಂದು ಇಸ್ಕೊಂಡು ಹೋಗಿ ಎಂದು ತನ್ನ ಬೆಳ್ಳಾವಿಯ ವಿಳಾಸವನ್ನು ಗ್ರೂಪಿಗೆ ಹಾಕಿದವನೂ ಅವನೇ.

“ಮಗಾ ಯತೀಶ, ತಮಾಷೆಗಂದೆ ಕಣೋ.”

ಅತ್ತ ಬಾಗಿಲಿಗೆ ಚಿಲಕ ಹಾಕಿದ ಸದ್ದಾಯಿತು. “ಗಿಲ್ಡಿಂದ ತೆಗಿಯಣ್ಣ,” ಎಂದ ಯತೀಶ, ತೀರಾ ಮೆಲ್ಲಗೆ. “ತೆಗುದ್ರೆ ಇಲ್ಲಿ ನಡ್ಯೋದು ನಿಂಗೇನೂ ಕೇಳ್ಸಲ್ಲ.”