ಬಂದು ತಿಳುಸ್ತೀವಿ

ಕಾಫಿ ಚೆಲ್ಲಿದ್ದು ಗಂಡಿನ ಸೋದರಮಾವ ಕಲ್ಲಯ್ಯನವರ ಬಿಳಿ ಪಂಚೆಯ ಮೇಲೆ. ಲೋಟ ಎಲ್ಲಿದೆ, ಅವರ ಕೈ ಎಲ್ಲಿದೆ ಎಂಬ ಅಂದಾಜು ರುದ್ರಾಣಿಗೆ ಎಂದಿನಂತೆ ತಪ್ಪಿತ್ತು. ಹೆಣ್ಣು ನೋಡಲು ಬಂದು ನಡುಮನೆಯಲ್ಲಿ ಕೂತಿದ್ದವರೆಲ್ಲ ಅವಳತ್ತ ತಿರುಗಿದರು. ಅಷ್ಟರಲ್ಲಿ ಗಂಡು ಕಾಂತರಾಜುವಿನ ಲೋಟವೂ ಮಗುಚಿ ಅವನ ಹೊಸ ಪ್ಯಾಂಟು ನೆನೆಯಿತು. ಹುಡುಗಿಯ ಮಾನ ಉಳಿಸಲೆಂದು ಬೇಕೆಂದೇ ಚೆಲ್ಲಿಕೊಂಡ ಎಂದುಕೊಂಡು ಅವಳ ತಾಯಿ ಮಂಗಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಂಥ ಅಳಿಯ ಸಿಕ್ಕರೆ ಸಾಕಪ್ಪ ಅನ್ನಿಸಿತು ಅವರಿಗೆ.

ಇದು ತೊಂಬತ್ತಾರನೇ ಇಸವಿಯ ಮಾತು. ರುದ್ರಾಣಿಗೆ ಇದ್ದ ತೊಂದರೆಗೆ ನಂಜನಗೂಡಿನಲ್ಲಿ ಹೆಸರಿರಲಿಲ್ಲ. ಬಿ.ಎ.ಯಲ್ಲಿ ಫಸ್ಟ್ ಕ್ಲಾಸು. ಮಾತಿಗೆ ನಿಂತರೆ ವಕೀಲರೂ ಸೋಲಬೇಕು. ಆದರೆ ರಂಗೋಲಿಯ ಚುಕ್ಕಿ ಸೇರಿಸಲು ಬರದು. ಹುಟ್ಟಿ ಬೆಳೆದ ಊರಿನಲ್ಲೇ ಎರಡು ತಿರುವು ದಾಟಿದರೆ ಮನೆ ಯಾವ ಕಡೆ ಎಂದು ತಿಳಿಯದು. ಎದುರಿಗಿದ್ದವರು ಮುಖ ಗಂಟಿಕ್ಕಿದರೂ ಗೊತ್ತಾಗದು. ಒಮ್ಮೆ ಕತ್ತಲಾದರೂ ಮಾತು ಮುಗಿಸದ ಇವಳಿಗೆ ಪಕ್ಕದ ಮನೆಯ ಮುತ್ತಮ್ಮ "ಇಲ್ಲೇ ಮಲ್ಕೊಬುಡವ್ವ" ಎಂದು ಚುಚ್ಚಿದ್ದರು. ಇವಳು ಸಂತೋಷದಿಂದ ಮನೆಗೆ ಬಂದು ದಿಂಬು ತೆಗೆದುಕೊಂಡು ಹೋದಳು. ಬೀದಿಯೆಲ್ಲ ನಕ್ಕಿತು. ಜನರ ಮನಸ್ಸನ್ನು ಊಹಿಸಿ ಊಹಿಸಿ ಅವಳಿಗೆ ಸಾಕಾಗಿತ್ತು. ಬೇಕಿದ್ದದ್ದು ಒಂದೇ: ಆಡಿದ ಮಾತಿನಂತೆ ಇರುವ ಒಬ್ಬ ಮನುಷ್ಯ.

ಕಾಂತರಾಜು ಟಿ. ನರಸೀಪುರದ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರು. ತಿರುಮಕೂಡಲು ಎಂಬ ಚೆಂದದ ಹೆಸರನ್ನು ಜನ ‘ಟಿ’ ಮಾಡಿಬಿಟ್ಟರಲ್ಲ ಎಂದು ಅವಳು ಕೇಳಿದ್ದೇ ತಡ, ಇಬ್ಬರೂ ಊರುಗಳ ಹೆಸರಿನ ಬೆನ್ನು ಹತ್ತಿ ಸುತ್ತ ಕೂತವರನ್ನು ಮರೆತೇಬಿಟ್ಟರು. ಕಲ್ಲಯ್ಯ ಕೆಮ್ಮಿದರು. ಮತ್ತೆ ಕೆಮ್ಮಿದರು. ಇಬ್ಬರೂ ತಿರುಗಿ ನೋಡಲಿಲ್ಲ.

ಹೊರಡುವಾಗ ಕಾಂತರಾಜು ಬೀದಿ ಬಾಗಿಲು ಬಿಟ್ಟು ಅಡುಗೆಮನೆಗೆ ನುಗ್ಗಿದ. ಹುಡುಗಿಯನ್ನು ಇನ್ನೊಮ್ಮೆ ನೋಡುವ ನೆಪ ಎಂದು ಹೆಂಗಸರು ಮುಸಿಮುಸಿ ನಕ್ಕರು. ಕಲ್ಲಯ್ಯ ಅವನ ಮೊಳಕೈ ಹಿಡಿದು ತಿರುಗಿಸಿಕೊಂಡು ನಡೆದರು. ತಂದೆಯಿಲ್ಲದ ಹುಡುಗನನ್ನು ಮಾವ ಮುಷ್ಟಿಯಲ್ಲಿಟ್ಟುಕೊಂಡಿದ್ದಾರೆ ಎಂದು ರುದ್ರಾಣಿಯ ತಂದೆ ಚಿಕ್ಕಸ್ವಾಮಿಗೆ ಆಗಲೇ ಅನ್ನಿಸಿತು.

"ಬಂದು ತಿಳುಸ್ತೀವಿ," ಎಂದರು ಕಲ್ಲಯ್ಯ, ಹೊಸಿಲು ದಾಟುತ್ತ.

"ನಾನೇ ಬಂದು ತಿಳಿಸ್ತೀನಿ," ಎಂದ ಕಾಂತರಾಜು, ರುದ್ರಾಣಿಯ ಕಡೆ ತಿರುಗಿ.

ಹೆಣ್ಣು ಹೆತ್ತವರಿಗೆ ಆ ಮಾತಿನ ಅರ್ಥ ಹೇಳಿಕೊಡಬೇಕಾಗಿಲ್ಲ. ಒಪ್ಪಿದವರು ಹೂ ಮುಡಿಸುವ ಶಾಸ್ತ್ರಕ್ಕೆ ದಿನ ಕೇಳಿ ಹೋಗುತ್ತಾರೆ. ಒಪ್ಪದವರು ಬಂದು ತಿಳಿಸುತ್ತಾರೆ, ಎಂದರೆ ಬರುವುದಿಲ್ಲ. ಮಂಗಳಮ್ಮ ಅಂದು ಲೋಟಗಳನ್ನು ಸದ್ದಾಗುವಂತೆ ತೊಳೆದರು. ರುದ್ರಾಣಿ ಮಾತ್ರ ಮಾರನೆಯ ದಿನದಿಂದಲೇ ತಲೆ ಬಾಚಿಕೊಂಡು ಜಗುಲಿಯಲ್ಲಿ ಕೂರತೊಡಗಿದಳು.

ವಾರಗಳು ಕಳೆದವು. ತಗಡೂರಿನಿಂದ ಬಂದ ಸಂಬಂಧವನ್ನು ಬೇಡವೆಂದಳು. ಮಾತು ಕೊಟ್ಟವರು ಬರುವವರೆಗೆ ಕಾಯಬೇಡವೇ ಎಂದು ಕೇಳಿದಳು. ಚಿಕ್ಕಸ್ವಾಮಿ ತಾಳ್ಮೆಗೆಟ್ಟರು.

"ಬಂದು ತಿಳುಸ್ತೀವಿ ಅಂದ್ರೆ ಬ್ಯಾಡ ಅಂತ ಕಣವ್ವ."

"ಬ್ಯಾಡ ಅನ್ನಕ್ಕೆ ಬ್ಯಾಡ ಅಂತ್ಲೇ ಪದ ಇಲ್ವಾಪ್ಪ?"

ಚಿಕ್ಕಸ್ವಾಮಿಯ ಬಳಿ ಸಾಕ್ಷಿ ಇತ್ತು. ಮೂಗೂರಿನ ಒಂದು ಮದುವೆಯಲ್ಲಿ ಎದುರಾದ ಕಲ್ಲಯ್ಯ ಮುಖ ತಿರುಗಿಸಿಕೊಂಡು ಹೋಗಿದ್ದರು. ಮೇಲೆ ಬಿದ್ದು ಕೇಳಲು ಹೆಣ್ಣಿನ ಕಡೆಯವರಿಗೆ ಮಾನ ಅಡ್ಡ ಬಂತು. ಇನ್ನೇನು ಬೇಕು?

ಅಂದಿನಿಂದ ಮಂಗಳಮ್ಮ ಮಗಳಿಗೆ ಪಾಠ ಶುರುಮಾಡಿದರು. ‘ನೋಡಾಣ’ ಅಂದರೆ ಆಗಲ್ಲ. ‘ನಿಮಗ್ಯಾಕೆ ತೊಂದ್ರೆ’ ಅಂದರೆ ಕೊಡಿ. ‘ಇನ್ನೊಸಿ ಕೂತ್ಕಳಿ’ ಅಂದರೆ ಏಳಿ. ರುದ್ರಾಣಿ ವ್ಯಾಕರಣದ ಸೂತ್ರಗಳಂತೆ ಬಾಯಿಪಾಠ ಮಾಡಿದಳು. ಪಾಠ ತಲೆಗೆ ಹತ್ತಿದಂತೆಲ್ಲ ಅವಳ ಮಾತು ಕಡಿಮೆಯಾಯಿತು. ಜಗುಲಿಗೆ ಬರುವುದನ್ನೂ ಬಿಟ್ಟಳು. ಮಗಳಿಗೆ ಬುದ್ಧಿ ಬಂತು ಎಂದು ಹೆತ್ತವರು ಸಮಾಧಾನಪಟ್ಟರು. ಪಾಪ, ಅವರೇನೂ ಕೆಟ್ಟವರಲ್ಲ.

ತಗಡೂರಿನ ಸಂಬಂಧವೇ ಮತ್ತೆ ಬಂತು. ಗಂಡಿಗೆ ಇದು ಎರಡನೇ ಮದುವೆ. ಇವಳು ತಟ್ಟೆ ಕೆಡವಿದಾಗ "ಕೈ ಸ್ವಾಧೀನ ಇಲ್ವಾ?" ಎಂದು ಕೇಳಿದ. ಆಮೇಲೆ ಎಲ್ಲರೆದುರು, ಹೂವಿನಂತೆ ನೋಡಿಕೊಳ್ಳುವುದಾಗಿ ಹೇಳಿದ. ರುದ್ರಾಣಿ ಆ ಮಾತನ್ನು ಕಲಿತ ಪ್ರಕಾರ ತಿರುಗಿಸಿ ಅರ್ಥ ಮಾಡಿಕೊಂಡಳು. ಆದರೂ ಒಪ್ಪಿದಳು. ಯಾರ ಮಾತಿಗೂ ಅರ್ಥವಿಲ್ಲದ ಮೇಲೆ ಯಾರಾದರೇನು ಎಂದಳು ತಾಯಿಗೆ.

ಒಂದು ಭಾನುವಾರ ಮನೆಯ ಮುಂದೆಯೇ ಚಪ್ಪರ ಹಾಕಿ ಧಾರೆ ಎರೆದರು. ತಾಳಿ ಕಟ್ಟಿಯಾಯಿತು. ವಾಲಗದವರು ಇನ್ನೂ ಊದುತ್ತಿದ್ದರು. ಊಟದ ಪಂಕ್ತಿ ನೋಡಿಕೊಳ್ಳುತ್ತಿದ್ದ ಚಿಕ್ಕಸ್ವಾಮಿ ತಲೆಯೆತ್ತಿದರೆ, ಚಪ್ಪರದ ಕಂಬದ ಬಳಿ ಕಾಂತರಾಜು. ಬೆವೆತಿದ್ದ, ಕಾಲೆಲ್ಲ ಧೂಳು, ಜೊತೆಗೆ ಯಾರೂ ಇಲ್ಲ. ಚಿಕ್ಕಸ್ವಾಮಿಗೆ ಸಿಟ್ಟು ನೆತ್ತಿಗೇರಿತು.

"ಈಗ ಬಂದ್ರಾ ಮೇಷ್ಟ್ರೇ? ಸರಿಯಾದ ಒತ್ತಿಗೇ ಬಂದ್ರಿ."

ಆ ಚುಚ್ಚು ಅವನಿಗೆ ನಾಟಲಿಲ್ಲ. ಮದುವೆ ಯಾರದೆಂದೂ ಕೇಳಲಿಲ್ಲ. ಹಸೆಮಣೆಯ ಮೇಲಿದ್ದ ರುದ್ರಾಣಿಗೂ ಕೇಳಿಸುವಷ್ಟು ಜೋರಾಗಿ, ಮುಖವೆಲ್ಲ ನಗು ಮಾಡಿಕೊಂಡು ಹೇಳಿದ.

"ಮಾವ ಬ್ಯಾಡ ಅಂದ್ರು ಸಾರ್, ಆದ್ರೆ ನಂಗೆ ಒಪ್ಪಿಗೆ ಅಂತ ಹೇಳಕ್ಕೆ ಅವತ್ತಿಂದ ಪ್ರತಿ ಭಾನುವಾರ ಬಸ್ಸಿಳಿದು ನಿಮ್ಮನೆ ಹುಡುಕ್ತಾನೇ ಇದೀನಿ, ನಂಗೆ ದಾರಿ ಗೊತ್ತಾಗಲ್ಲ, ಯಾರನ್ನ ಕೇಳಿದ್ರೂ ಕೈ ತೋರಿಸಿ ಕಳಿಸ್ತಾರೆ, ಇವತ್ತು ವಾಲಗ ಊದ್ತಾ ಇರೋ ಮನೇನೇ ಅಂದ್ರು ನೋಡಿ, ಸಿಕ್ಬಿಡ್ತು."