ಒಂಬತ್ತನೆಯ ಇಲಿ

ಮೂಕಪ್ರಾಣಿಗೆ ಅಮಲೇರಿಸಿ ಕಲಿತ ಪಾಠದಲ್ಲಿ ಸುಳ್ಳನ್ನೂ ಬೆರೆಸಿದರೆ ಆ ಪಾಪವನ್ನು ನೀವು ಹೊರುತ್ತೀರಾ? ಹೆಬ್ಬಾಳದ ಪ್ರಯೋಗಾಲಯವೊಂದರಲ್ಲಿ ಇಲಿಗಳನ್ನು ನೋಡಿಕೊಳ್ಳುವ ಮುನಿಯಲ್ಲಮ್ಮನ ಎದೆಯನ್ನು ಆ ಕ್ಷಣ ಕೊರೆಯುತ್ತಿದ್ದುದು ಇದೇ ಪ್ರಶ್ನೆ.

ಜೀವಕೋಶದಲ್ಲಿ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕವನ್ನು ತಡೆದು ಅಮಲನ್ನು ಬೇಗ ಇಳಿಸೀತೆಂಬ ಮದ್ದು ಕೊಟ್ಟು, ಮೇಲೆ ಮದ್ಯಸಾರ ಚುಚ್ಚಿ, ಇಲಿಯನ್ನು ಅಂಗಾತ ಮಲಗಿಸಬೇಕು. ಅದು ತಾನಾಗಿಯೇ ಮಗುಚಿಕೊಳ್ಳುವವರೆಗೆ ಯಾರೂ ಮುಟ್ಟದೆ ನಿಮಿಷ ಎಣಿಸಬೇಕು. ಹಿಂದಿನ ಎಂಟು ಇಲಿಗಳೂ ಗಂಟೆ ದಾಟಿದರೂ ಎದ್ದಿರಲಿಲ್ಲ. ಒಂಬತ್ತನೆಯದು ನಲವತ್ತೇ ನಿಮಿಷಕ್ಕೆ ಮಗುಚಿತ್ತು. "ಮುನಿಯಲ್ಲಮ್ಮಾ, ಮದ್ದು ಕೆಲ್ಸ ಮಾಡ್ತಿದೆ ಕಣ್ರೀ!" ಎಂದು ಸಂಶೋಧಕಿ ನಂದಿತಾ ಹಿಗ್ಗಿನಿಂದ ಪೆನ್ನು ತೆರೆದಳು.

"ಬರೀಬ್ಯಾಡಿ ಮೇಡಂ. ಅದು ಎದ್ದಿಲ್ಲ, ನಾನೇ ಎಬ್ಬಿಸ್ದೆ. ಅಂಗೆ ಬಿದ್ದಿರೋದ್ನ ನೋಡಕ್ಕಾಗ್ಲಿಲ್ಲ. ನೀವು ಅತ್ಲಾಗೆ ತಿರುಗ್ದಾಗ ಬೆರಳಿಟ್ಟು ಮಗುಚ್ಬುಟ್ಟೆ." ಕೆಲಸ ಹೋಯಿತೆಂದೇ ತಿಳಿದು ಅವಳು ಸೆರಗನ್ನು ಬಿಗಿಹಿಡಿದಳು.

ನಂದಿತಾ ಪೆನ್ನು ಮುಚ್ಚಿದಳು. ಆಮೇಲೆ ತಾನು ಕುಳಿತಿದ್ದ ಸ್ಟೂಲನ್ನೇ ಅವಳತ್ತ ಸರಿಸಿದಳು. "ಕೂತ್ಕೊಳ್ಳಿ. ನಿಮ್ ಬೆರಳು ನನ್ ಮದ್ದಿಗಿಂತ ಜೋರು! ನೀವು ಹೇಳ್ದೇ ಇದ್ದಿದ್ರೆ ಈ ಸುಳ್ಳು ನಾಳೆ ಯಾರ್ದೋ ಬಾಯಿಗೆ ಮಾತ್ರೆಯಾಗಿ ಹೋಗ್ತಿತ್ತು. ನಿಮ್ಗೆ ಹೇಗೆ ಥ್ಯಾಂಕ್ಸ್ ಹೇಳ್ಲಿ?" ಹನ್ನೆರಡು ವರ್ಷಗಳ ಕೆಲಸದಲ್ಲಿ ಆ ಕೋಣೆಯಲ್ಲಿ ಮೊದಲ ಬಾರಿಗೆ ಕುಳಿತ ಮುನಿಯಲ್ಲಮ್ಮನ ಕಣ್ಣು ಕೃತಜ್ಞತೆಯಿಂದ ತುಂಬಿತು. ಓದುಗರೇ, ನಿಮ್ಮೆದುರೂ ಯಾರಾದರೂ ನಡುಗುತ್ತ ನಿಜ ನುಡಿದರೆ, ಗದರುವ ಮುನ್ನ ದಯವಿಟ್ಟು ಅವರನ್ನು ಕೂರಿಸಿ.