ಕೊನೆಯ ನಾಲ್ಕು ಹೆಜ್ಜೆ

ಪರದೆಯ ಮೇಲೆ ನಾಯಕಿ ಮನೆಯ ಬಾಗಿಲು ತಟ್ಟಿದಳು. ತೊಂಬತ್ತು ದಿನ ಕಾಡಿನಲ್ಲಿ ಒಬ್ಬಳೇ ನಡೆದು, ಮನಸ್ಸಿನ ಗಾಯ ಮಾಯಿಸಿಕೊಂಡು, ಗಂಡನನ್ನು ಕ್ಷಮಿಸಿ ಮರಳಿದ್ದಳು. ಮೊದಲ ಪ್ರದರ್ಶನಕ್ಕೆ ಬಂದವರು ಕಣ್ಣೊರೆಸಿಕೊಂಡರು. ಕಡೆಯ ಸಾಲಿನಲ್ಲಿದ್ದ ಒಬ್ಬಳು ಮಾತ್ರ ತನ್ನ ಸವೆದ ಬೂಟು ನೋಡುತ್ತಿದ್ದಳು. ಚಿತ್ರಗಳಿಗೆ ಹೆಜ್ಜೆಯ ಸದ್ದು ಹಾಕುವುದು ಅವಳ ಕಸುಬು. ನಿಜಕ್ಕೂ ಆ ಕಾಡು ನಡೆದವಳೂ ಅವಳೇ, ಅದೇ ಬೂಟಿನಲ್ಲಿ. ಅವಳ ಕಥೆಯನ್ನು ಹೇಳದೆ ಕೇಳದೆ ಎತ್ತಿಕೊಂಡ ನಿರ್ದೇಶಕ, ಅವಳ ಮಾಜಿ ಗಂಡ, ಮುಂದಿನ ಸಾಲಿನಲ್ಲಿ ಕೂತಿದ್ದ.

"ಕ್ಷಮೆ ನಾನು ಸೇರಿಸಿದ್ದು, ಜನಕ್ಕೆ ಅದೇ ಬೇಕು," ಎಂದಿದ್ದ ಸ್ಟುಡಿಯೋದಲ್ಲಿ. "ಪರದೆ ಕಪ್ಪಾದ್ಮೇಲೆ ಮರದ ನೆಲದ ಮೇಲೆ ನಾಲ್ಕು ಹೆಜ್ಜೆ ಹಾಕು. ಒಳಗೆ ಬಂದ್ಲು ಅಂತ ಗೊತ್ತಾಗ್ಲಿ."

"ಹಾಕಿದ್ಮೇಲೆ ಒಂದ್ಸಲ ಕೇಳಿಸ್ಕೊಂಡು ಹೋಗಿ," ಎಂದಿದ್ದಳು ಅವಳು.

"ನಾಲ್ಕು ಹೆಜ್ಜೇಲಿ ಕೇಳೋಕೇನಿದೆ," ಎಂದು ಸಂದರ್ಶನಕ್ಕೆ ಹೊರಟುಹೋಗಿದ್ದ.

ಈಗ ಚಿತ್ರದ ಗಂಡ ಬಾಗಿಲು ತೆರೆದ. ಪರದೆ ಕಪ್ಪಾಯಿತು. ಜಲ್ಲಿಯ ಮೇಲೆ ಬೂಟು ಹಿಂದಕ್ಕೆ ತಿರುಗಿದ ಕರಕರ ಕೇಳಿಸಿತು. ಆಮೇಲೆ ನಾಲ್ಕು ಹೆಜ್ಜೆ, ಒಂದಕ್ಕಿಂತ ಒಂದು ದೂರ.

ಚಿತ್ರಮಂದಿರವಿಡೀ ಎದ್ದು ಚಪ್ಪಾಳೆ ತಟ್ಟಿತು. "ಈ ಕೊನೆ ನಿಮಗೆ ಹೇಗೆ ಹೊಳೀತು ಸಾರ್?" ಎಂದು ಯಾರೋ ನಿರ್ದೇಶಕನ ಮುಂದೆ ಮೈಕ್ ಹಿಡಿದರು. ಅವನು ತಿರುಗಿ ಹಿಂದೆ ನೋಡಿದ. ಕಡೆಯ ಸಾಲಿನಲ್ಲಿ ಅವಳು ಬೂಟು ಕಾಣುವಂತೆ ಕಾಲ ಮೇಲೆ ಕಾಲು ಹಾಕಿಕೊಂಡು ಉತ್ತರಕ್ಕೆ ಕಾದಳು.